ಸೀರಿಯಲ್ ನಂಬರ್ ಇಲ್ಲದ ಗನ್, ರಾಜ್ಯಕ್ಕೊಂದು ಕಾನೂನು: ಅಮೆರಿಕದಲ್ಲಿರುವ ಕನ್ನಡಿಗರಿಗೆ ಪ್ರಶ್ನೋತ್ತರ

ಘೋಸ್ಟ್ ಗನ್ (ಸೀರಿಯಲ್ ನಂಬರ್ ಇಲ್ಲದ ಗನ್) ಬಗೆಗಿನ ಪ್ರಶ್ನೆಗಳು ನಮ್ಮ ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ಪೋಸ್ಟ್‌ನಡಿ ಚದುರಿದ್ದವು. ಎಲ್ಲವನ್ನೂ ಇಲ್ಲಿ ಸೇರಿಸಿದ್ದೇವೆ. ಉತ್ತರಿಸುವವರು ಇಬ್ಬರು: ಬಂದೂಕು ಕಾನೂನಿನ ಮೊಕದ್ದಮೆ ನಡೆಸುವ ವಕೀಲೆ ಮತ್ತು ಫೆಡರಲ್ ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ಕೆಲಸಗಾರ). ಒಂದು ವಿನಂತಿ. ನಿಮ್ಮ ಮನೆಯಲ್ಲಿ ಏನಿದೆ, ಎಲ್ಲಿಟ್ಟಿದ್ದೀರಿ ಎಂದು ಇಲ್ಲಿ ಬರೆಯಬೇಡಿ. ‘ಒಬ್ಬರ ಬಳಿ ಹೀಗಿದ್ದರೆ’ ಎಂದು ಕೇಳಿದರೆ ಸಾಕು. ವಕೀಲರ ಕೋಣೆಯಲ್ಲಿ ಆಡಿದ ಮಾತಿಗೆ ಇರುವ ಗೋಪ್ಯತೆ ಗುಂಪಿನಲ್ಲಿ ಬರೆದ ಮಾತಿಗೆ ಇಲ್ಲ.

ಪ್ರಶ್ನೆ (ಡಲ್ಲಾಸ್): ಮೇಡಂ, ನಮಸ್ಕಾರ. ಟೆಕ್ಸಸ್‌ನಲ್ಲಿ ಒಬ್ಬರು 2020ರಲ್ಲಿ ಬಿಡಿಭಾಗಗಳ ಕಿಟ್ ತಂದು ಪಿಸ್ತೂಲು ಜೋಡಿಸಿಕೊಂಡಿದ್ದಾರೆ. ಅಮೆರಿಕದ ಪೌರರೇ. ನಂಬರ್ ಇಲ್ಲ. ಈಗ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಿದೆ. ಸಾಮಾನಿನ ಜೊತೆ ಅದನ್ನೂ ತೆಗೆದುಕೊಂಡು ಹೋಗಿ, ಅಲ್ಲಿ ಹೋದಮೇಲೆ ನೋಂದಣಿ ಮಾಡಿಸಿದರೆ ನಡೆಯುತ್ತದೆಯೇ?

ವಕೀಲೆ: ಹೋದಮೇಲೆ ಬೇಡ, ಹೊರಡುವ ಮೊದಲೇ ಮುಗಿಸಿ. ಕಾರಣ ಹೇಳುತ್ತೇನೆ.

1968ರ ಗನ್ ಕಂಟ್ರೋಲ್ ಆಕ್ಟ್ ಸೀರಿಯಲ್ ನಂಬರ್ ಹಾಕುವ ಹೊಣೆ ಹೊರಿಸಿದ್ದು ಲೈಸೆನ್ಸ್ ಪಡೆದ ತಯಾರಕರು ಮತ್ತು ಆಮದುದಾರರ ಮೇಲೆ. ಸ್ವಂತ ಬಳಕೆಗೆ ತಾನೇ ಮಾಡಿಕೊಂಡವರಿಗೆ ನಂಬರ್ ಕಡ್ಡಾಯವಿರಲಿಲ್ಲ. 2022ರ ಆಗಸ್ಟ್ 24ರಂದು ಜಾರಿಗೆ ಬಂದ ಎಟಿಎಫ್ (ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಸಂಸ್ಥೆ) ನಿಯಮವೂ ಮುಖ್ಯವಾಗಿ ಕಿಟ್ ಮಾರುವವರನ್ನು ಕಟ್ಟಿಹಾಕಿತೇ ಹೊರತು, ಆಗಲೇ ಮನೆಯಲ್ಲಿದ್ದ ಗನ್ನಿಗೆ ನಂಬರ್ ಕೊರೆಸಿ ಎಂದು ಮಾಲೀಕರಿಗೆ ಹೇಳಲಿಲ್ಲ. ಟೆಕ್ಸಸ್‌ಗೆ ಈ ವಿಷಯದಲ್ಲಿ ತನ್ನದೇ ಕಾನೂನಿಲ್ಲ. ಹಾಗಾಗಿ ಗನ್ ಇಟ್ಟುಕೊಳ್ಳಲು ಬೇರೆ ಅಡ್ಡಿಯಿಲ್ಲದ ವ್ಯಕ್ತಿಗೆ ಡಲ್ಲಾಸ್‌ನಲ್ಲಿರುವವರೆಗೆ ಆ ಪಿಸ್ತೂಲಿನಿಂದ ತೊಂದರೆಯಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮಾತು ಬೇರೆ. ಅಲ್ಲಿ 2018ರ ಜುಲೈ 1ರಿಂದಲೇ, ಸ್ವಂತವಾಗಿ ಗನ್ ಮಾಡಿಕೊಳ್ಳುವವರು ಮೊದಲು ರಾಜ್ಯದ ನ್ಯಾಯ ಇಲಾಖೆಗೆ ಅರ್ಜಿ ಹಾಕಿ ನಂಬರ್ ಪಡೆಯಬೇಕು. 2022ರಲ್ಲಿ ಬಂದ ಎಬಿ 1621 ಎಂಬ ರಾಜ್ಯ ಕಾನೂನು ಇನ್ನೂ ಬಿಗಿಗೊಳಿಸಿತು. 2024ರ ಜನವರಿ 1ರ ನಂತರ ನಂಬರ್ ಇಲ್ಲದ ಗನ್ ಕೈಯಲ್ಲಿರುವುದೇ ಮಿಸ್‌ಡಿಮೀನರ್ (ಕೆಳದರ್ಜೆಯ ಅಪರಾಧ). ಹೊಸದಾಗಿ ಬಂದ ನಿವಾಸಿಗಳು ನಂಬರ್‌ಗೆ 60 ದಿನದೊಳಗೆ ಅರ್ಜಿ ಹಾಕಬಹುದು ಎಂಬ ಅಂಶ ಕಾನೂನಿನಲ್ಲಿದೆ ನಿಜ. ಆದರೆ ಅರ್ಜಿ, ಹಿನ್ನೆಲೆ ತಪಾಸಣೆ, ಮಂಜೂರಾತಿ, ಕೊರೆತ ಇಷ್ಟೆಲ್ಲ ಮುಗಿಯುವವರೆಗೆ ಪಿಸ್ತೂಲು ನಂಬರ್ ಇಲ್ಲದೆ ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುತ್ತದೆ. ಆ ನಡುವೆ ಕಳ್ಳತನವೋ ಬೇರೇನೋ ಆಗಿ ಪೊಲೀಸರು ಮನೆಗೆ ಬಂದರೆ, 60 ದಿನ ಇನ್ನೂ ಮುಗಿದಿಲ್ಲ ಎಂದು ವಾದಿಸುವ ಪಾಡು ನಿಮ್ಮದು. ಬೇಕಿಲ್ಲದ ಅಪಾಯ ಅದು.

ಟೆಕ್ಸಸ್‌ನಲ್ಲೇ ಫೆಡರಲ್ ಲೈಸೆನ್ಸ್ ಇರುವ ಡೀಲರ್ ಅಥವಾ ಗನ್‌ಸ್ಮಿತ್ ಹತ್ತಿರ ನಂಬರ್ ಕೊರೆಸಿಕೊಳ್ಳಿ. ಫೆಡರಲ್ ಕಾನೂನಿನಂತೆ ಅಧಿಕಾರ ಇರುವ ಲೈಸೆನ್ಸ್‌ದಾರ ಹಾಕಿದ ನಂಬರನ್ನು ಕ್ಯಾಲಿಫೋರ್ನಿಯಾ ಮಾನ್ಯ ಮಾಡುತ್ತದೆ. ಅಲ್ಲಿಗೆ ಹೋದಮೇಲೆ 60 ದಿನದೊಳಗೆ ಹೊಸ ನಿವಾಸಿಯ ವರದಿಯನ್ನು ನ್ಯಾಯ ಇಲಾಖೆಗೆ ಸಲ್ಲಿಸಬೇಕು. ಇದು ನಂಬರ್ ಇರುವ ಗನ್ನುಗಳಿಗೂ ಅನ್ವಯ, ಬಹಳ ಮಂದಿ ಮರೆಯುವುದೂ ಇದನ್ನೇ.

ಇನ್ನೊಂದು. ನಂಬರ್ ಬಂತೆಂದರೆ ಎಲ್ಲವೂ ಸರಿಯಾಯಿತು ಎಂದುಕೊಳ್ಳಬೇಡಿ. 10 ಗುಂಡಿಗಿಂತ ಹೆಚ್ಚು ಹಿಡಿಯುವ ಮ್ಯಾಗಜೀನ್ ಕ್ಯಾಲಿಫೋರ್ನಿಯಾಕ್ಕೆ ತರುವಂತಿಲ್ಲ. ಎಆರ್ ಮಾದರಿಯ ರೈಫಲ್ ಆಗಿದ್ದರೆ ಪಿಸ್ತೂಲ್ ಗ್ರಿಪ್, ಮಡಚುವ ಹಿಂಬದಿ (ಭುಜಕ್ಕೆ ಆನಿಸುವ ಭಾಗ) ಮುಂತಾದವುಗಳಿಂದಾಗಿ ಅದು ಆ ರಾಜ್ಯ ನಿಷೇಧಿಸಿದ ಅಸಾಲ್ಟ್ ವೆಪನ್ ಪಟ್ಟಿಗೆ ಸೇರಬಹುದು. ಆಗ ನಂಬರ್ ಇದ್ದರೂ ಕಾಪಾಡುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ಡಲ್ಲಾಸ್‌ನ ಗೆಳೆಯನ ಮನೆಯಲ್ಲಿ ಬಿಟ್ಟುಹೋದರೆ?

ವಕೀಲೆ: ಹೊರಡುವ ಮೊದಲು, ಇಬ್ಬರೂ ಟೆಕ್ಸಸ್ ನಿವಾಸಿಗಳಾಗಿರುವಾಗ, ಗನ್ ಇಟ್ಟುಕೊಳ್ಳಲು ಅರ್ಹನಾದ ಗೆಳೆಯನಿಗೆ ಕೊಟ್ಟುಬಿಡಬಹುದು. ನೀವು ಕ್ಯಾಲಿಫೋರ್ನಿಯಾದ ನಿವಾಸಿ ಆದಮೇಲೆ ಅದೇ ಗೆಳೆಯನಿಗೆ ಕೈಯಿಂದ ಕೈಗೆ ಕೊಟ್ಟರೆ ಫೆಡರಲ್ ಅಪರಾಧವಾಗುತ್ತದೆ. ಬೇರೆ ಬೇರೆ ರಾಜ್ಯದ ಇಬ್ಬರ ನಡುವೆ ಗನ್ ಕೈಬದಲಾಗಬೇಕಾದರೆ ನಡುವೆ ಲೈಸೆನ್ಸ್ ಇರುವ ಡೀಲರ್ ಇರಲೇಬೇಕು. ಯಾವ ದಿನ ಕೊಟ್ಟಿರಿ ಎಂಬುದು ಮುಖ್ಯವಾಗುವುದರಿಂದ ಒಂದು ಸಾದಾ ಕಾಗದದಲ್ಲಿ ತಾರೀಖು ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಸೇಫಿನ ಕೀಲಿ ನಿಮ್ಮಲ್ಲೇ ಇಟ್ಟುಕೊಂಡು ‘ಕೊಟ್ಟಿದ್ದೇನೆ’ ಎಂದರೆ ಅದು ಕೊಟ್ಟಂತಲ್ಲ.

ಪ್ರಶ್ನೆ (ಆಸ್ಟಿನ್): ನಮ್ಮವರ ಪಿಸ್ತೂಲಿನ ಮೇಲ್ಭಾಗದಲ್ಲಿ ನಂಬರ್ ಇದೆ, ಕೆಳಗಿನ ಪ್ಲಾಸ್ಟಿಕ್ ಭಾಗದಲ್ಲಿ ಇಲ್ಲ. ಇದು ನಂಬರ್ ಇರುವ ಗನ್ ಎಂದೇ ಲೆಕ್ಕವಲ್ಲವೇ ಸರ್?

ಗನ್‌ಸ್ಮಿತ್: ಅಲ್ಲ. ಕಾನೂನಿನ ಕಣ್ಣಿಗೆ ಗನ್ ಎಂದರೆ ಫ್ರೇಮ್ ಅಥವಾ ರಿಸೀವರ್, ಅಂದರೆ ಉಳಿದ ಭಾಗಗಳನ್ನು ಹಿಡಿದಿಡುವ ಮೂಲ ಚೌಕಟ್ಟು. ಸ್ಲೈಡ್ (ನೀವು ಹೇಳಿದ ಮೇಲ್ಭಾಗ), ನಳಿಗೆ ಇವೆಲ್ಲ ಬಿಡಿಭಾಗಗಳು. ಗ್ಲಾಕ್ ಬಗೆಯ ಪಿಸ್ತೂಲಿನಲ್ಲಿ ನಳಿಗೆಯ ಕೆಳಗಿನ ಫ್ರೇಮಿನ ಅಡಿಯಲ್ಲಿ ಚಿಕ್ಕ ಲೋಹದ ಪಟ್ಟಿಯೊಂದು ಹುದುಗಿರುತ್ತದೆ. ನಂಬರ್ ಇರಬೇಕಾದ್ದು ಅಲ್ಲಿ. ಎಆರ್-15 ರೈಫಲಿನಲ್ಲಿ ಲೋವರ್ (ಕೆಳಗಿನ ರಿಸೀವರ್) ಮೇಲೆ, ಸಾಮಾನ್ಯವಾಗಿ ಎಡಬದಿಯಲ್ಲಿ. ಸಿಗ್ ಪಿ320ರಲ್ಲಿ ಇದು ಉಲ್ಟಾ: ಹೊರಗಿನ ಪ್ಲಾಸ್ಟಿಕ್ ಹಿಡಿಕೆ ಬರೀ ಕವಚ, ಒಳಗೆ ಕೂರುವ ಲೋಹದ ಚೌಕಟ್ಟೇ ಗನ್. ಅದರ ನಂಬರ್ ಹಿಡಿಕೆಯಲ್ಲಿರುವ ಪುಟ್ಟ ಕಿಂಡಿಯಿಂದ ಕಾಣುತ್ತದೆ. ಹಿಡಿಕೆಯಲ್ಲಿ ನಂಬರ್ ಕಾಣಲಿಲ್ಲ ಎಂದು ಗಾಬರಿ ಬೀಳುವವರು ಆ ಕಿಂಡಿ ನೋಡಿದರೆ ಸಾಕು.

ಸ್ಲೈಡಿನ ನಂಬರನ್ನು ಅರ್ಜಿಯಲ್ಲಿ ಬರೆದವರಿಗೆ ಬರುವ ತೊಂದರೆ ಸಣ್ಣದಲ್ಲ. ಆ ಸ್ಲೈಡ್ ಯಾವುದೋ ಕಾರ್ಖಾನೆಯ ಪಿಸ್ತೂಲಿನಿಂದ ಬಿಚ್ಚಿ ಮಾರಿದ್ದಾಗಿರಬಹುದು. ಆ ನಂಬರಿನ ಮೂಲ ಗನ್ ಇನ್ನೊಬ್ಬರ ಹೆಸರಿನಲ್ಲಿ ಇರಬಹುದು, ಕಳವಾಗಿದೆ ಎಂದು ದೂರು ದಾಖಲಾಗಿಯೂ ಇರಬಹುದು. ಆಮೇಲೆ ವಿವರಿಸುತ್ತಾ ಕೂರಬೇಕು.

ಪ್ರಶ್ನೆ (ಡೆನ್ವರ್): ನಂಬರ್ ಕೊರೆಸುವುದು ಎಂದರೆ ಟ್ರೋಫಿಗಳಿಗೆ ಹೆಸರು ಕೆತ್ತುವ ಅಂಗಡಿಗೆ ಕೊಟ್ಟರೆ ಆಗದೇ? ಏನೇನು ಅಳತೆ ಇದೆ?

ಗನ್‌ಸ್ಮಿತ್: ಆಗದು. ಗನ್ ಮೇಲೆ ಕೆತ್ತುವುದನ್ನೇ ವ್ಯಾಪಾರವಾಗಿ ಮಾಡುವವರಿಗೆ ಎಟಿಎಫ್ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದ ಕೆತ್ತನೆಗಾರ ಮಾಡಬಹುದಾದರೂ ಲೈಸೆನ್ಸ್‌ದಾರ ಎದುರಿಗೆ ನಿಂತು ಮಾಡಿಸಬೇಕು. ನೀವು ಟ್ರೋಫಿ ಅಂಗಡಿಯಲ್ಲಿ ಬಿಟ್ಟು ನಾಳೆ ಬರುತ್ತೇನೆ ಎಂದು ಬಂದರೆ ನಂಬರಿಗೂ ಬೆಲೆಯಿಲ್ಲ, ಅಂಗಡಿಯವರೂ ಸಿಕ್ಕಿಬೀಳುತ್ತಾರೆ.

ಅಳತೆ ಇಷ್ಟು: ಆಳ ಕನಿಷ್ಠ 0.003 ಇಂಚು, ಅಂದರೆ ಮಿಲಿಮೀಟರಿನ ನೂರರಲ್ಲಿ ಎಂಟು ಭಾಗದಷ್ಟು. ಅಕ್ಷರದ ಎತ್ತರ ಕನಿಷ್ಠ 1/16 ಇಂಚು, ಸುಮಾರು 1.6 ಮಿಲಿಮೀಟರ್. ಆಳವನ್ನು ಲೋಹದ ಸಮತಟ್ಟು ಮೇಲ್ಮೈಯಿಂದ ಅಳೆಯಬೇಕು. ಕೊರೆದಾಗ ಅಂಚಿನಲ್ಲಿ ಏಳುವ ಉಬ್ಬಿನಿಂದ ಅಲ್ಲ. ನಂಬರಿನ ರೂಪವೂ ಗೊತ್ತುಮಾಡಿದ್ದೇ: ಡೀಲರಿನ ಲೈಸೆನ್ಸ್ ಸಂಖ್ಯೆಯ ಮೊದಲ ಮೂರು ಮತ್ತು ಕೊನೆಯ ಐದು ಅಂಕಿ, ಒಂದು ಅಡ್ಡಗೆರೆ, ಆಮೇಲೆ ಆ ಡೀಲರ್ ಇನ್ಯಾವ ಗನ್ನಿಗೂ ಕೊಡದ ಅಂಕಿ. 12345678-0001 ಎಂಬ ಬಗೆಯಲ್ಲಿ.

ಕೆಲಸ ಕೆಡುವುದು ಎಲ್ಲಿ? ಅಲ್ಯೂಮಿನಿಯಂ ಲೋವರಿನ ಮೇಲಿರುವ ಕಪ್ಪು ಆನೊಡೈಸ್ ಪದರವನ್ನು ಲೇಸರ್ ಸುಟ್ಟರೆ ಬೆಳ್ಳಗೆ, ಅಂದವಾಗಿ ಅಕ್ಷರ ಮೂಡುತ್ತದೆ. ನೋಡಿದವರು ಕೆಲಸ ಆಯಿತು ಅನ್ನುತ್ತಾರೆ. ಆದರೆ ಲೇಸರ್ ಸುಟ್ಟಿದ್ದು ಪದರವನ್ನು ಮಾತ್ರ, ಲೋಹ ಕೊರೆದೇ ಇರುವುದಿಲ್ಲ, ಆಳ ಸಾಲುವುದಿಲ್ಲ. ಒಂದೇ ಜಾಗದಲ್ಲಿ ಹಲವು ಸಲ ಲೇಸರ್ ಓಡಿಸಬೇಕು, ಇಲ್ಲವೇ ಯಂತ್ರದ ಮೊನೆಯಿಂದ ಕೊರೆಯಬೇಕು. ಎರಡನೆಯದು ಬಣ್ಣ. ಮೊದಲು ಕೊರೆಸಿ ಆಮೇಲೆ ಸೆರಕೋಟ್ ಬಳಿಸಿದರೆ ಅಕ್ಷರದ ಗುಂಡಿ ಅರ್ಧ ತುಂಬಿಹೋಗುತ್ತದೆ. ಬಣ್ಣ ಬಳಿಸುವ ಯೋಚನೆ ಇದ್ದರೆ ಕೊರೆಯುವವರಿಗೆ ಮೊದಲೇ ಹೇಳಿ, ಇನ್ನಷ್ಟು ಆಳಕ್ಕೆ ಹೋಗುತ್ತಾರೆ. ಮೂರನೆಯದು ಪ್ಲಾಸ್ಟಿಕ್. ಪಾಲಿಮರ್ ಫ್ರೇಮಿನ ಮೈಮೇಲೆ ಕೊರೆದದ್ದು ಸವೆಯುತ್ತದೆ, ಬಿಸಿಗೆ ಕರಗಿ ಮುಚ್ಚಿಕೊಳ್ಳುತ್ತದೆ. ಫ್ರೇಮಿನಲ್ಲಿ ಅಚ್ಚಿನ ಹೊತ್ತಿಗೇ ಹುದುಗಿಸಿದ ಲೋಹದ ಪಟ್ಟಿ ಇದ್ದರೆ ಅದರ ಮೇಲೆ ಕೊರೆಸಬೇಕು. ಆಮೇಲೆ ಅಂಟು ಹಾಕಿ ಕೂರಿಸಿದ ಪಟ್ಟಿಯನ್ನು ಶಾಶ್ವತ ಗುರುತು ಎಂದು ಯಾರೂ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾವಂತೂ ಪಾಲಿಮರ್‌ನಲ್ಲಿ ಮಾಡಿದ ಗನ್ನಿನೊಳಗೆ 3.7 ಔನ್ಸ್ 17-4 ಪಿಎಚ್ ಸ್ಟೇನ್‌ಲೆಸ್ ಸ್ಟೀಲ್ ಹುದುಗಿರಬೇಕು, ನಂಬರ್ ಅದರ ಮೇಲೆ ಬರಬೇಕು ಎಂದು ಬರೆದೇ ಇಟ್ಟಿದೆ. ಲೋಹಶೋಧಕಕ್ಕೆ ಸಿಗಲಿ ಎಂದು 1988ರ ಫೆಡರಲ್ ಕಾನೂನು ಗೊತ್ತುಮಾಡಿದ ತೂಕ ಅದು.

ಹೋಗುವ ಮೊದಲು ಫೋನ್ ಮಾಡಿ, ನಂಬರ್ ಹಾಕಿಕೊಡುತ್ತೀರಾ ಎಂದು ಕೇಳಿ. ಡೀಲರ್ ಒಪ್ಪಲೇಬೇಕೆಂದು ಕಾನೂನಿಲ್ಲ, ಬಹಳ ಜನ ಒಪ್ಪುವುದಿಲ್ಲ. ಡೀಲರ್ ತನ್ನ ದಾಸ್ತಾನಿಗೆ ತೆಗೆದುಕೊಂಡರೆ 7 ದಿನದೊಳಗೆ, ಅಥವಾ ಅದಕ್ಕೂ ಮೊದಲೇ ಬೇರೆಯವರಿಗೆ ಕೊಡುವುದಾದರೆ ಕೊಡುವ ಮುನ್ನ, ನಂಬರ್ ಹಾಕಲೇಬೇಕು. ಕೊಲೊರಾಡೊದಲ್ಲಿ ಇನ್ನೊಂದು ಹೆಜ್ಜೆ ಇದೆ: ಕೊರೆದ ಗನ್ ನಿಮಗೆ ಮರಳಿಸುವಾಗ ಡೀಲರ್ ಹಿನ್ನೆಲೆ ತಪಾಸಣೆ ನಡೆಸಬೇಕು, ಅದರಲ್ಲಿ ನೀವು ಪಾಸಾಗದಿದ್ದರೆ ಗನ್ ನಿಮಗೆ ಬರುವುದಿಲ್ಲ, ಪೊಲೀಸರಿಗೆ ಹೋಗುತ್ತದೆ. ಹಿಂದೆ ಏನಾದರೂ ಕೇಸ್ ಇದ್ದವರು ಡೀಲರ್ ಬಾಗಿಲು ತಟ್ಟುವ ಮೊದಲು ವಕೀಲರ ಬಾಗಿಲು ತಟ್ಟಲಿ. ಕೆಲಸ ಮುಗಿದಮೇಲೆ ತಾರೀಖು, ನಂಬರ್, ಗನ್ನಿನ ವಿವರ, ಡೀಲರ್ ಲೈಸೆನ್ಸ್ ಸಂಖ್ಯೆ ಎಲ್ಲ ಇರುವ ರಸೀದಿ ಕೇಳಿ ಪಡೆಯಿರಿ.

ವಕೀಲೆ: ಕೊಲೊರಾಡೊ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ನಂಬರ್ ಹಾಕಿಸಿಕೊಳ್ಳುವ ಗಡುವು 2024ರ ಜನವರಿ 1ಕ್ಕೆ ಮುಗಿದಿದೆ. ಮೊದಲ ಸಲ ಸಿಕ್ಕಿಬಿದ್ದರೆ ಮಿಸ್‌ಡಿಮೀನರ್, ಎರಡನೆಯ ಸಲಕ್ಕೆ ಫೆಲನಿ (ಗಂಭೀರ ಅಪರಾಧ). ಫೆಲನಿ ಶಿಕ್ಷೆಯಾದವರು ಆಮೇಲೆ ಯಾವ ಗನ್ನನ್ನೂ ಮುಟ್ಟುವಂತಿಲ್ಲ.

ಪ್ರಶ್ನೆ (ಷಿಕಾಗೊ ಹತ್ತಿರ): ಇಲಿನಾಯ್‌ನಲ್ಲಿ ಗಡುವು ಮುಗಿದದ್ದೇ ಗೊತ್ತಿಲ್ಲದೆ ಒಬ್ಬರು ಎಆರ್ ಲೋವರ್ ಇಟ್ಟುಕೊಂಡಿದ್ದಾರೆ. ಈಗ ಡೀಲರ್ ಹತ್ತಿರ ಒಯ್ದು ನಂಬರ್ ಹಾಕಿಸಲೇ, ಪೊಲೀಸ್ ಠಾಣೆಗೆ ಕೊಡಲೇ, ಕತ್ತರಿಸಿ ಬಿಸಾಡಲೇ?

ವಕೀಲೆ: ಮೂರನ್ನೂ ಇವತ್ತೇ ಮಾಡಬೇಡಿ. ಮೊದಲು ವಕೀಲರಿಗೆ ಫೋನ್.

ಇಲಿನಾಯ್ ಕಾನೂನು 2022ರ ಮೇ 18ರಂದು ಸಹಿಯಾಯಿತು. ಆಗಲೇ ಇಟ್ಟುಕೊಂಡಿದ್ದವರಿಗೆ 180 ದಿನ ಕೊಟ್ಟಿತ್ತು. ಆ ವರ್ಷದ ನವೆಂಬರ್ ಮಧ್ಯಕ್ಕೆ ಅದು ಮುಗಿಯಿತು. ಇಟ್ಟುಕೊಂಡಿರುವುದಕ್ಕೆ ಮೊದಲ ಸಲ ಎ ದರ್ಜೆಯ ಮಿಸ್‌ಡಿಮೀನರ್, ಮತ್ತೆ ಸಿಕ್ಕಿದರೆ ಫೆಲನಿ. ಇಟ್ಟುಕೊಳ್ಳುವುದು ಒಂದು ದಿನದ ಅಪರಾಧವಲ್ಲ, ಇಟ್ಟುಕೊಂಡಿರುವ ಪ್ರತಿದಿನವೂ ನಡೆಯುತ್ತಲೇ ಇರುವ ಅಪರಾಧ. ಹಾಗಾಗಿ ಕಾಲಮಿತಿ ಕಳೆದುಹೋಯಿತು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಡೀಲರ್ ಹತ್ತಿರ ಕಾರಿನಲ್ಲಿ ಒಯ್ಯುವಾಗ ದಾರಿಯಲ್ಲಿ ತಡೆದರೆ ಅದೇ ಅಪರಾಧ, ಈಗ ಕಾರಿನಲ್ಲಿ. ತಡವಾಗಿ ಹಾಕಿಸಿದ ನಂಬರ್ ಮುಂದಿನ ದಿನಗಳನ್ನು ಸರಿಪಡಿಸಬಹುದು, ಹಿಂದಿನದನ್ನು ತಾನಾಗಿ ಅಳಿಸುವುದಿಲ್ಲ. ಠಾಣೆಗೆ ಮುನ್ಸೂಚನೆ ಇಲ್ಲದೆ ಗನ್ ಹಿಡಿದು ನಡೆದುಹೋಗುವುದಂತೂ ಜೀವಕ್ಕೇ ಅಪಾಯ. ಕತ್ತರಿಸುವ ವಿಚಾರ: ತನಿಖೆ ಶುರುವಾಗಿದೆ ಎಂದು ಗೊತ್ತಿದ್ದೂ ನಾಶಪಡಿಸಿದರೆ ಸಾಕ್ಷ್ಯನಾಶದ ಇನ್ನೊಂದು ಆರೋಪ ಅಂಟಿಕೊಳ್ಳುತ್ತದೆ.

ವಕೀಲರು ಮಾಡುವುದು ಹೀಗೆ. ಗನ್ ಯಾವಾಗ ಬಂತು, ಯಾರಿಂದ, ಈಗ ಯಾವ ಸ್ಥಿತಿಯಲ್ಲಿದೆ ಎಂದು ಗೋಪ್ಯವಾಗಿ ಕೇಳಿಕೊಳ್ಳುತ್ತಾರೆ. ಕಕ್ಷಿದಾರರ ಹೆಸರು ಹೇಳದೆಯೇ ಪೊಲೀಸರ ಜೊತೆ ಮಾತಾಡಿ, ಯಾವ ದಿನ, ಯಾವ ಹೊತ್ತಿಗೆ, ಯಾವ ಷರತ್ತಿನ ಮೇಲೆ ಒಪ್ಪಿಸುವುದು ಎಂದು ನಿಗದಿಮಾಡುತ್ತಾರೆ. ಅಥವಾ ಡೀಲರ್ ಜೊತೆ ಮೊದಲೇ ಮಾತಾಡಿ ನಂಬರ್ ಹಾಕಿಸುವ ದಾರಿ ನೋಡುತ್ತಾರೆ. ಅಲ್ಲಿಯವರೆಗೆ ಗುಂಡು ಬೇರೆ, ಗನ್ ಬೇರೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಫೋಟೊ ತೆಗೆದು ಯಾರಿಗೂ ಕಳಿಸಬೇಡಿ.

ಗನ್‌ಸ್ಮಿತ್: ವಕೀಲರು ನಾಶಪಡಿಸಬಹುದು ಎಂದರೆ ಅದನ್ನೂ ಹೇಗೆ ಬೇಕೋ ಹಾಗೆ ಮಾಡುವಂತಿಲ್ಲ. ರಿಸೀವರಿಗೆ ಒಂದು ತೂತು ಕೊರೆದರೆ, ಗರಗಸದಿಂದ ಎರಡು ತುಂಡು ಮಾಡಿದರೆ ಎಟಿಎಫ್ ಲೆಕ್ಕದಲ್ಲಿ ಅದು ಇನ್ನೂ ರಿಸೀವರ್ರೇ ಆಗಿರಬಹುದು. ಅವರು ಮಾದರಿಗೆ ತಕ್ಕಂತೆ ಗುರುತಿಸಿದ ಜಾಗಗಳಲ್ಲಿ ಗ್ಯಾಸ್ ಟಾರ್ಚಿನಿಂದ ಕತ್ತರಿಸಬೇಕು, ಪ್ರತಿ ಕಡಿತದಲ್ಲಿ ಕನಿಷ್ಠ ಕಾಲು ಇಂಚು ಲೋಹ ಕರಗಿ ಹೋಗಿರಬೇಕು. ಪೂರ್ತಿ ಜಜ್ಜಿ ಪುಡಿಮಾಡಿಸುವುದೂ ಒಂದು ದಾರಿ.

ಪ್ರಶ್ನೆ (ಸಿಯಾಟಲ್): ನಮ್ಮಲ್ಲಿ ಹೇಗೆ? ಮೈಕ್ರೋಸಾಫ್ಟ್, ಅಮೆಜಾನ್‌ನಲ್ಲಿರುವ ನಮ್ಮವರು ಬಹಳ ಮಂದಿ ಬೇರೆ ರಾಜ್ಯಗಳಿಂದ ಬಂದವರು.

ವಕೀಲೆ: ವಾಷಿಂಗ್ಟನ್‌ನಲ್ಲಿ 2023ರ ಮಾರ್ಚ್ 10ರ ನಂತರ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ವ್ಯಾಖ್ಯೆಯಲ್ಲಿ ಒಂದು ತಾರೀಖು ಅಡಗಿದೆ: ‘ಪತ್ತೆಹಚ್ಚಲಾಗದ ಗನ್’ ಎಂದರೆ 2019ರ ಜುಲೈ 1ರ ನಂತರ ತಯಾರಾದದ್ದು. ಅದಕ್ಕಿಂತ ಮೊದಲು ಮಾಡಿದ್ದು ಎನ್ನುವವರು ಬಿಡಿಭಾಗ ಕೊಂಡ ರಸೀದಿ, ಆಗಿನ ಫೋಟೊ ಇವನ್ನು ಹುಡುಕಿ ತೆಗೆದಿಡಿ, ಬಾಯಿಮಾತು ಸಾಲದು. ಮೊದಲ ಸಲಕ್ಕೆ 500 ಡಾಲರಿನ ಸಿವಿಲ್ ದಂಡ, ಎರಡನೆಯ ಸಲಕ್ಕೆ ಮಿಸ್‌ಡಿಮೀನರ್, ಆಮೇಲೆ ಇನ್ನೂ ಮೇಲಿನ ದರ್ಜೆ. ಮೊದಲ ಹಂತ ಹಗುರ ಅನ್ನಿಸಿದರೂ, ಪೌರರಲ್ಲದವರು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಉಳಿದ ರಾಜ್ಯಗಳನ್ನು ಚುಟುಕಾಗಿ: ನ್ಯೂ ಜೆರ್ಸಿ 2018ರಲ್ಲೇ, ನಂಬರ್ ಇಲ್ಲದ ಗನ್ ಮಾಡಲೆಂದು ಬಿಡಿಭಾಗ ಕೊಳ್ಳುವುದನ್ನೂ ಅಪರಾಧ ಮಾಡಿತು. ನ್ಯೂಯಾರ್ಕ್ ಕಾನೂನು 2021ರ ಅಕ್ಟೋಬರಿನಲ್ಲಿ ಸಹಿಯಾಯಿತು. ಮೇರಿಲ್ಯಾಂಡ್‌ನಲ್ಲಿ 2023ರ ಮಾರ್ಚ್ 1ರಿಂದ, ಒರೆಗಾನ್‌ನಲ್ಲಿ 2024ರ ಸೆಪ್ಟೆಂಬರ್ 1ರಿಂದ ಇಟ್ಟುಕೊಳ್ಳುವುದಕ್ಕೇ ನಿಷೇಧ. ಕನೆಕ್ಟಿಕಟ್, ರೋಡ್ ಐಲ್ಯಾಂಡ್, ಡೆಲವೇರ್, ಹವಾಯಿ, ನೆವಾಡ, ಮ್ಯಾಸಚೂಸೆಟ್ಸ್, ವರ್ಮಾಂಟ್‌ಗಳಲ್ಲೂ ಒಂದಲ್ಲ ಒಂದು ಬಗೆಯ ಕಾನೂನಿದೆ. ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾ, ಅರಿಜೋನಾದಲ್ಲಿ ಅಂಥ ರಾಜ್ಯ ಕಾನೂನಿಲ್ಲ.

ಪ್ರಶ್ನೆ (ಹೆಸರು ಬೇಡ ಎಂದವರು): ಅಕ್ಕಾ, ಎಚ್-1ಬಿಯಲ್ಲಿ ಇರುವವರು ಟೆಕ್ಸಸ್‌ನಂಥ ರಾಜ್ಯದಲ್ಲಿ ಇಂಥ ಗನ್ ಇಟ್ಟುಕೊಂಡರೆ? ಅಂಗಡಿಯ ತಪಾಸಣೆಯೇ ಇಲ್ಲವಲ್ಲ.

ವಕೀಲೆ: ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು ತಮ್ಮ. ಅಂಗಡಿಯ ತಪಾಸಣೆ ಇಲ್ಲ ಎಂದರೆ ಅನುಮತಿ ಇದೆ ಎಂದಲ್ಲ. ಎಚ್-1ಬಿ, ಎಲ್-1, ಎಫ್-1 ಹಾಗೂ ಅವರ ಅವಲಂಬಿತರ ವೀಸಾಗಳೆಲ್ಲ ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾಗಳು. ಅವುಗಳ ಮೇಲೆ ಬಂದವರು ಗನ್ನಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ನಂಬರ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ಮುಖ್ಯ ವಿನಾಯಿತಿ ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದ ಮರುದಿನ, ಅದೇ ಸೇಫಿನಲ್ಲಿರುವ ಅದೇ ಗನ್ ಅಪರಾಧವಾಗುತ್ತದೆ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿದ್ದರೂ ನೀವು ಎಚ್-1ಬಿಯಲ್ಲೇ ಇದ್ದರೆ ನಿಷೇಧವೂ ಹಾಗೇ ಇರುತ್ತದೆ.

ಗಂಡ ಪೌರ, ಹೆಂಡತಿ ಎಚ್-1ಬಿ ಎಂಬ ಮನೆಗಳಿವೆ. ಸೇಫಿನ ಕೋಡ್ ಹೆಂಡತಿಗೂ ಗೊತ್ತಿದ್ದರೆ, ಗನ್ ಅವರ ವಶದಲ್ಲೂ ಇದೆ ಎಂದು ಸರಕಾರ ವಾದಿಸಬಹುದು. ಕೋಡ್ ಪೌರರೊಬ್ಬರಿಗೇ ಗೊತ್ತಿರಲಿ.

ಗ್ರೀನ್ ಕಾರ್ಡ್ ಇರುವವರು ಗನ್ ಇಟ್ಟುಕೊಳ್ಳಬಹುದು. ಆದರೆ ಅವರಿಗೆ ಈ ರಾಜ್ಯ ಕಾನೂನುಗಳು ಪೌರರಿಗಿಂತ ಹೆಚ್ಚು ಅಪಾಯಕಾರಿ. ವಲಸೆ ಕಾನೂನಿನಲ್ಲಿ, ಯಾವುದೇ ಕಾನೂನನ್ನು ಮೀರಿ ಗನ್ ಕೊಂಡದ್ದು, ಮಾರಿದ್ದು, ಇಟ್ಟುಕೊಂಡದ್ದು, ಒಯ್ದದ್ದು ಯಾವುದಕ್ಕೆ ಶಿಕ್ಷೆಯಾದರೂ ಗಡೀಪಾರಿಗೆ ಅದೇ ಕಾರಣ ಸಾಕು. ರಾಜ್ಯದ ಲೆಕ್ಕದಲ್ಲಿ ಅದು ಬರೀ ಮಿಸ್‌ಡಿಮೀನರ್ ಇರಬಹುದು. ‘ತಪ್ಪೊಪ್ಪಿಕೊಂಡುಬಿಡಿ, ಸಣ್ಣ ದಂಡದಲ್ಲಿ ಮುಗಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ, ವಲಸೆ ವಕೀಲರನ್ನು ಕೇಳದೆ ಸಹಿ ಹಾಕುವುದಿಲ್ಲ ಎನ್ನಿ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಪ್ರಶ್ನೆ (ಪಿಟ್ಸ್‌ಬರ್ಗ್): ನ್ಯೂ ಹ್ಯಾಂಪ್‌ಷೈರ್‌ಗೆ ಕಾರಿನಲ್ಲಿ ಒಯ್ಯಬೇಕು. ನಡುವೆ ನ್ಯೂಯಾರ್ಕ್ ಸಿಗುತ್ತದೆ. ಸುಮ್ಮನೆ ದಾಟಿಹೋಗುವುದಕ್ಕೆ ತೊಂದರೆಯೇ?

ವಕೀಲೆ: ಹೊರಟ ಕಡೆಯೂ ತಲುಪುವ ಕಡೆಯೂ ಗನ್ ಕಾನೂನುಬದ್ಧವಾಗಿದ್ದರೆ, ನಡುವಿನ ರಾಜ್ಯ ದಾಟಲು 1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ. ಗುಂಡು ತೆಗೆದಿರಬೇಕು. ಗನ್ನಾಗಲಿ ಗುಂಡಾಗಲಿ ಕುಳಿತಲ್ಲಿಂದ ಕೈಗೆ ಸಿಗಬಾರದು. ಡಿಕ್ಕಿ ಬೇರೆಯಾಗಿಲ್ಲದ ಎಸ್‌ಯುವಿ ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಗ್ಲವ್ ಬಾಕ್ಸಿಗೆ ಬೀಗ ಹಾಕಿದರೆ ಆಗುವುದಿಲ್ಲ.

ಕಾಗದದ ಮೇಲೆ ಇದು ಗಟ್ಟಿ ರಕ್ಷಣೆ. ರಸ್ತೆಯಲ್ಲಿ ಅಷ್ಟು ಗಟ್ಟಿಯಲ್ಲ. ವಿಮಾನ ತಪ್ಪಿ, ಗನ್ ಇದ್ದ ಬ್ಯಾಗನ್ನು ಕೈಗೆ ಪಡೆದು ನ್ಯೂ ಜೆರ್ಸಿಯ ನ್ಯೂಅರ್ಕ್ ಹೋಟೆಲಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಗನ್ ಇದೆ ಎಂದು ತಾವೇ ಹೇಳಿದ ಪ್ರಯಾಣಿಕರೊಬ್ಬರನ್ನು ಬಂಧಿಸಿದ್ದರು. ಅವರ ದಾವೆಯನ್ನು ಮೂರನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ಕೋರ್ಟ್ 2010ರಲ್ಲಿ ತಳ್ಳಿಹಾಕಿತು. ರಾತ್ರಿ ಬ್ಯಾಗು ಅವರ ಕೈಗೆ ಸಿಗುವಂತಿದ್ದದ್ದರಿಂದ ರಕ್ಷಣೆ ಹೋಯಿತು ಎಂಬುದು ಕಾರಣ. ನಂಬರ್ ಇರುವ ಗನ್ನಿಗೇ ಈ ಪಾಡು. ನಂಬರ್ ಇಲ್ಲದ್ದನ್ನು ನ್ಯೂಯಾರ್ಕ್ ದಾಟಿಸುವ ಬದಲು ಪಿಟ್ಸ್‌ಬರ್ಗ್‌ನಲ್ಲೇ ನಂಬರ್ ಹಾಕಿಸಿಕೊಂಡು ಹೊರಡಿ. ಊಟ, ವಸತಿ ಎಲ್ಲ ನ್ಯೂಯಾರ್ಕ್‌ನ ಹೊರಗೆ ಮುಗಿಸಿ, ಒಳಗೆ ನಿಲ್ಲಬೇಡಿ.

ಪ್ರಶ್ನೆ: 2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಅದಾದಮೇಲೆ ಇಡೀ ದೇಶಕ್ಕೆ ಒಂದೇ ಕಾನೂನಲ್ಲವೇ?

ವಕೀಲೆ: ಅಲ್ಲ. 2025ರ ಮಾರ್ಚ್ 26ರ ಆ 7-2 ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗೊರ್ಸಚ್. ಸುಲಭವಾಗಿ ಗನ್ ಆಗಬಲ್ಲ ಕೆಲವು ಕಿಟ್‌ಗಳೂ ಅರೆಬರೆ ಫ್ರೇಮುಗಳೂ 1968ರ ಕಾನೂನಿನ ವ್ಯಾಪ್ತಿಗೆ ಬರುತ್ತವೆ, ಆದ್ದರಿಂದ ಎಟಿಎಫ್ ನಿಯಮವನ್ನು ಪೂರ್ತಿಯಾಗಿ ಹೊಡೆದುಹಾಕಲಾಗದು ಎಂದಷ್ಟೇ ಅದು ಹೇಳಿತು. ಮನೆಯಲ್ಲಿರುವ ಗನ್ನಿನ ಬಗ್ಗೆ ಅದರಲ್ಲಿ ಆದೇಶವಿಲ್ಲ. ರಾಜ್ಯದ ಕಾನೂನು ರಾಜ್ಯದ್ದೇ. ಮಿನೆಸೋಟ ನೋಡಿ: ನಂಬರ್ ಇಲ್ಲದ ಗನ್ ಇಟ್ಟುಕೊಳ್ಳಬಾರದು ಎಂಬ ಹಳೆಯ ಕಾನೂನು ಅಲ್ಲಿದೆ. ಆದರೆ ಫೆಡರಲ್ ಕಾನೂನು ನಂಬರ್ ಕೇಳದ ಗನ್ನಿಗೆ ಅದು ಅನ್ವಯಿಸುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿತು.

ಪ್ರಶ್ನೆ (ಷಾರ್ಲಟ್): ಹಳೆಯದೊಂದು ಶಾಟ್‌ಗನ್ ಕೊಂಡರೆ ನಂಬರ್ ಜಾಗದಲ್ಲಿ ಉಜ್ಜಿದ ಗುರುತಿದೆ. ಇದೂ ಘೋಸ್ಟ್ ಗನ್ನೇ?

ವಕೀಲೆ: ಇದು ಅದಕ್ಕಿಂತ ಕೆಟ್ಟದ್ದು. ನಂಬರ್ ಎಂದೂ ಇರದ ಗನ್ ಬೇರೆ, ಇದ್ದ ನಂಬರನ್ನು ಅಳಿಸಿದ ಗನ್ ಬೇರೆ. ಎರಡನೆಯದು ಗೊತ್ತಿದ್ದೂ ಇಟ್ಟುಕೊಂಡರೆ ಐವತ್ತೂ ರಾಜ್ಯಗಳಲ್ಲಿ ಫೆಡರಲ್ ಫೆಲನಿ, 5 ವರ್ಷದವರೆಗೆ ಶಿಕ್ಷೆ. ಹೊಸ ನಂಬರ್ ಕೊರೆಸಿ ಮುಚ್ಚಲು ಹೋಗಬೇಡಿ. ಕೊಳ್ಳುವ ಮೊದಲು ಕಂಡರೆ ಕೊಳ್ಳಬೇಡಿ, ಕೊಂಡಮೇಲೆ ಕಂಡರೆ ವಕೀಲರ ಮೂಲಕ ಎಟಿಎಫ್‌ಗೆ ತಿಳಿಸಿ.

ಗನ್‌ಸ್ಮಿತ್: ಉಜ್ಜಿದ್ದೋ ತುಕ್ಕೋ ಎಂದು ಬರಿಗಣ್ಣಿಗೆ ತಿಳಿಯದಿದ್ದರೆ ನೀವಾಗಿ ತಿಕ್ಕಿ ನೋಡಬೇಡಿ. ತಿಕ್ಕಿದಷ್ಟೂ ಉಳಿದ ಗುರುತು ಹೋಗುತ್ತದೆ, ನೀವೇ ಅಳಿಸಿದಂತೆ ಕಾಣುತ್ತದೆ. 1968ಕ್ಕಿಂತ ಮೊದಲು ಅಗ್ಗದ .22 ರೈಫಲ್, ಶಾಟ್‌ಗನ್‌ಗಳಿಗೆ ಕಾರ್ಖಾನೆಯವರೇ ನಂಬರ್ ಹಾಕದೆ ಕಳಿಸುತ್ತಿದ್ದರು. ಅಂಥವು ಕಾನೂನುಬದ್ಧ. ಕ್ಯಾಲಿಫೋರ್ನಿಯಾ 1968ರ ಡಿಸೆಂಬರ್ 16ಕ್ಕಿಂತ ಹಿಂದಿನ, ಕೈಬಂದೂಕಲ್ಲದ ಗನ್ನುಗಳನ್ನು ಬಿಟ್ಟಿದೆ. ಕೊಲೊರಾಡೊ, ಒರೆಗಾನ್ ಅದೇ ವರ್ಷದ ಅಕ್ಟೋಬರ್ 22 ಎನ್ನುತ್ತವೆ. ಅಕ್ಟೋಬರ್ 22, ಗನ್ ಕಂಟ್ರೋಲ್ ಆಕ್ಟ್‌ಗೆ ಸಹಿ ಬಿದ್ದ ದಿನ. ಡಿಸೆಂಬರ್ 16, ಅದು ಜಾರಿಗೆ ಬಂದ ದಿನ. ನಳಿಗೆಯ ಮೇಲಿನ ಕಂಪನಿ ಮುದ್ರೆ, ಮಾಡೆಲ್ ಹೆಸರುಗಳಿಂದ ಯಾವ ವರ್ಷಗಳ ನಡುವಿನದು ಎಂದು ಹೇಳಬಹುದು. ಲೈಸೆನ್ಸ್ ಇರುವ ಗನ್‌ಸ್ಮಿತ್‌ನಿಂದ ಅದನ್ನು ಬರೆಸಿಕೊಂಡು ಗನ್ ಜೊತೆ ಇಡಿ.

ಪ್ರಶ್ನೆ (ವರ್ಜೀನಿಯಾ, ಮೂಲ ಮಡಿಕೇರಿ): ಐನ್‌ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ, ನಂಬರ್ ಇಲ್ಲ. ಇಲ್ಲಿಗೆ ತರಬಹುದೇ?

ವಕೀಲೆ: ಅಮೆರಿಕದ ಕಡೆಯಿಂದ ಇದು ಅಷ್ಟು ಕಷ್ಟವಲ್ಲ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಫೆಡರಲ್ ಕಾನೂನು ಪುರಾತನ ಎಂದು ಗನ್ನಿನ ವ್ಯಾಖ್ಯೆಯಿಂದಲೇ ಬಿಡುತ್ತದೆ. ವಯಸ್ಸಿಗೆ ಪುರಾವೆ ತೋರಿಸಬೇಕು ಅಷ್ಟೆ. ತೋಟಾ ಹಾಕುವ, ಅದಕ್ಕಿಂತ ಈಚಿನ ಕೋವಿಯಾದರೆ ಎಟಿಎಫ್ ಆಮದು ಪರವಾನಗಿ ಬೇಕು, ಸಾಮಾನ್ಯವಾಗಿ ಲೈಸೆನ್ಸ್ ಇರುವ ಆಮದುದಾರರ ಮೂಲಕ.

ತೊಡಕಿರುವುದು ಭಾರತದ ಕಡೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿ, ಈಗಿನ ಅಧಿಸೂಚನೆಯಂತೆ 2029ರ ಅಕ್ಟೋಬರ್ 31ರವರೆಗೆ, ಕೋವಿ ಇಟ್ಟುಕೊಳ್ಳುವುದಕ್ಕೆ. ದೇಶದಿಂದ ಹೊರಗೆ ಕಳಿಸುವುದಕ್ಕೆ ಅದೇ ಕಾಯ್ದೆಯ 10ನೇ ಕಲಮಿನಡಿ ಬೇರೆ ಅನುಮತಿ ಬೇಕು. ಅದೂ ಅಲ್ಲದೆ, ಅಮೆರಿಕಕ್ಕೆ ಸುಲಭವಾಗುವಷ್ಟು ಹಳೆಯ ಕೋವಿ ಎಂದರೆ ನೂರು ವರ್ಷ ದಾಟಿದ್ದು. ನೂರು ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ. ಅದಕ್ಕೇ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಕೇಳಿ. ಅವರು ಕೊಡದಿದ್ದರೆ ಕೋವಿ ಐನ್‌ಮನೆಯಲ್ಲೇ ಇರಲಿ.